ಹಲಸಿನ ವಾಸನೆ

ಗ್ಲುಕೋಮೀಟರಿನ ಪುಟ್ಟ ಪರದೆಯ ಮೇಲೆ ಮುನ್ನೂರ ಹದಿನೆಂಟು ಎಂಬ ಅಂಕಿ ಮೂಡಿದಾಗ ವೀರೇಶನಿಗೆ ಮೊದಲು ಆದದ್ದು ಅವಮಾನ. ಭಯ ಬಂದದ್ದು ಎಷ್ಟೋ ಹೊತ್ತಿನ ಮೇಲೆ. ಹೆಂಡತಿ ಗೌರಿ ತಂಗಿಯ ಮನೆಯ ಗೃಹಪ್ರವೇಶಕ್ಕೆಂದು ಚಿತ್ರದುರ್ಗಕ್ಕೆ ಹೊರಟಿದ್ದು ನಿನ್ನೆ, ಶನಿವಾರ ಬೆಳಿಗ್ಗೆ. ಬಸ್ಸು ಹತ್ತುವ ಮೊದಲು “ಒಬ್ರೇ ನೋಡ್ಕೋತೀರಾ?” ಎಂದು ಮೂರು ಸಲ ಕೇಳಿದ್ದಳು. ಮೂರನೆಯ ಸಲಕ್ಕೆ ಅವನು ರೇಗಿ, “ಇಷ್ಟು ವರ್ಷ ಯಾರು ನೋಡ್ಕೊಂಡಿದ್ದು ಹಾಗಾದ್ರೆ?” ಎಂದಿದ್ದ. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಮಗಳು ಸ್ಫೂರ್ತಿಗೆ ಒಂಬತ್ತನೆಯ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಬಂದಾಗ ಗೌರಿ ಮಾಡಿದ್ದು ಅಳುವುದು, ಹರಕೆ ಹೊರುವುದು, ಕಲಿತವನು ಅವನು. ದಿನಕ್ಕೆ ನಾಲ್ಕು ಇಂಜೆಕ್ಷನ್ ತಪ್ಪಲೆಂದು ಎರಡು ವರ್ಷದ ಹಿಂದೆ ಪಂಪ್ ಹಾಕಿಸಿದಾಗ ಅದರ ಜೊತೆಗೆ ಬಂದ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದವನೂ ಅವನೇ. ಓದಿ, ಪಂಪ್ ಕೈಕೊಟ್ಟಾಗ ಏನೇನು ನೋಡಬೇಕೆಂದು ಕನ್ನಡದಲ್ಲಿ ಪಟ್ಟಿ ಮಾಡಿ, ದುಂಡನೆಯ ಅಕ್ಷರಗಳಲ್ಲಿ ಬರೆದು, ಮಗಳ ಬೀರುವಿನ ಬಾಗಿಲಿಗೆ ಅಂಟಿಸಿದ್ದ. ಬ್ಯಾಟರಿ ನೋಡುವುದು. ಸೀಸೆಯಲ್ಲಿ ಇನ್ಸುಲಿನ್ ಇದೆಯೇ ನೋಡುವುದು. ನಳಿಕೆಯಲ್ಲಿ ಗಾಳಿಗುಳ್ಳೆ ಸೇರಿದೆಯೇ ನೋಡುವುದು. ಸಿಂಗಸಂದ್ರದ ತಮ್ಮ ಅಪಾರ್ಟ್‌ಮೆಂಟಿಗೆ ಬಂದ ನೆಂಟರಿಗೆಲ್ಲ ಗೌರಿ ಆ ಪಟ್ಟಿಯನ್ನು ತೋರಿಸುತ್ತಿದ್ದಳು. ತೋರಿಸುವಾಗ ಅವನು ಬೇಕೆಂದೇ ಬೇರೆ ಕಡೆ ನೋಡುತ್ತಿದ್ದ.

ಸ್ಫೂರ್ತಿ ಹಾಸಿಗೆಯ ಅಂಚಿನಲ್ಲಿ ಕೂತು, ಚುಚ್ಚಿದ ಬೆರಳನ್ನು ಬಾಯಲ್ಲಿಟ್ಟುಕೊಂಡು ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಹದಿಮೂರು ತುಂಬಿದ ಹುಡುಗಿ. ಇತ್ತೀಚೆಗೆ ಅವಳು ಅಂಕಿಯನ್ನು ತಾನು ನೋಡುತ್ತಲೇ ಇರಲಿಲ್ಲ, ಅವನ ಹುಬ್ಬು ನೋಡಿ ಎಷ್ಟಿರಬಹುದೆಂದು ತಿಳಿದುಕೊಳ್ಳುತ್ತಿದ್ದಳು. ಅವಳ ಚಡ್ಡಿಯ ಸೊಂಟಕ್ಕೆ ಸಿಕ್ಕಿಸಿದ್ದ ಪಂಪ್, ಹಿಂದೆಲ್ಲ ಜನ ಇಟ್ಟುಕೊಳ್ಳುತ್ತಿದ್ದ ಪೇಜರಿನಷ್ಟು ದೊಡ್ಡದು; ಅದರೊಳಗಿನ ಸೀಸೆಯಿಂದ ಹೊರಟ ಸಣ್ಣ ನಳಿಕೆ ಅಂಗಿಯ ಕೆಳಗೆ ನುಸುಳಿ ಹೊಟ್ಟೆಯ ಎಡಗಡೆ ಅಂಟಿಸಿದ ರೂಪಾಯಿಯಗಲದ ಪಟ್ಟಿಯಲ್ಲಿ ಕೊನೆಯಾಗುತ್ತಿತ್ತು. ಪಟ್ಟಿಯ ನಡುವಿನಿಂದ ಉಗುರುದ್ದದ ಮೆತ್ತನೆಯ ಕೊಳವೆಯೊಂದು ಚರ್ಮದೊಳಕ್ಕೆ ಇಳಿದಿರುತ್ತದೆ. ನಳಿಕೆ, ಪಟ್ಟಿ, ಕೊಳವೆ ಎಲ್ಲವೂ ಸೇರಿ ಒಂದು ಸೆಟ್. ಮೂರು ದಿನಕ್ಕೊಮ್ಮೆ ಅದನ್ನು ಕಿತ್ತು ಬೇರೆ ಜಾಗದಲ್ಲಿ ಹೊಸದನ್ನು ಹಾಕಬೇಕು, ಹಾಕುವವನು ಅವನು. ನಿನ್ನೆ ಸಂಜೆಯೂ ಅವನೇ ಹಾಕಿದ್ದ. ಹಾಕುವ ಹೊತ್ತಿಗೆ ಸರಿಯಾಗಿ ಗೌರಿಯ ಫೋನು ಬಂದಿತ್ತು, ಭುಜಕ್ಕೂ ಕಿವಿಗೂ ನಡುವೆ ಫೋನು ಒತ್ತಿಕೊಂಡು, ಕೊಳವೆಯನ್ನು ಚರ್ಮಕ್ಕೆ ಚುಚ್ಚುವ ಬಿಲ್ಲೆಯನ್ನು ಒತ್ತಿದ್ದ. “ಉರೀತಿದೆ ಅಪ್ಪಾಜಿ” ಎಂದು ಮಗಳು ಹೇಳಿದ್ದಳು. “ಸ್ವಲ್ಪ ಹೊತ್ತು, ಹೋಗುತ್ತೆ” ಎಂದಿದ್ದ. ಫೋನಿನಾಚೆ ಗೌರಿ, “ಏನಂತೆ?” ಎಂದಳು. “ಏನಿಲ್ಲ” ಎಂದ. ಊಟವಾದ ಮೇಲೆ ನೋಡಿದಾಗ ಇನ್ನೂರ ಮೂವತ್ತು ಇತ್ತು. ಅನ್ನ ಜಾಸ್ತಿಯಾಗಿರಬೇಕು ಎಂದುಕೊಂಡು, ಪಂಪಿನಿಂದ ಒಂದಿಷ್ಟು ಹೆಚ್ಚು ಇನ್ಸುಲಿನ್ ಕೊಡಿಸಿ ಮಲಗಿಸಿದ್ದ.

“ಬೆಳಿಗ್ಗೆ ಎದ್ದು ಏನಾದ್ರೂ ತಿಂದ್ಯಾ?”

“ಇಲ್ಲ ಅಪ್ಪಾಜಿ. ಈಗ್ಲೇ ಎದ್ದಿದ್ದು.”

ಅವನು ಪಂಪಿನ ಗುಂಡಿಗಳನ್ನು ಒತ್ತಿ ಸಕ್ಕರೆ ಇಳಿಸಲು ಬೇಕಾದ ಪ್ರಮಾಣವನ್ನು ಕೊಡಿಸಿದ. ಪಂಪ್ ಸಣ್ಣಗೆ ಗುರುಗುಟ್ಟಿ, ಕೆಲಸ ಮುಗಿಸಿ, ಬೀಪ್ ಎಂದಿತು. ಎಲ್ಲ ಸರಿಯಾಗಿದೆ ಎಂಬುದಕ್ಕೆ ಅದು ಕೊಡುವ ಸದ್ದು ಅದೇ.

ಅಡುಗೆಮನೆಗೆ ಬಂದರೆ ಹಲಸಿನ ವಾಸನೆ ಮೂಗಿಗೆ ಅಡರಿತು. ಮನೆಗೆಲಸದ ಚಿಕ್ಕಮುನಿಯಮ್ಮ ನಿನ್ನೆ ಸಂಜೆ ಒಂದು ದೊಡ್ಡ ಸ್ಟೀಲ್ ಡಬ್ಬಿಯ ತುಂಬ ತೊಳೆ ಬಿಡಿಸಿ ತಂದಿಟ್ಟಿದ್ದಳು. ಸಿಂಗಸಂದ್ರದಲ್ಲೇ ಹುಟ್ಟಿ ಅಲ್ಲಿಯೇ ಸಂಬಂಧದಲ್ಲಿ ಮದುವೆಯಾಗಿ ಅಲ್ಲಿಯೇ ವಿಧವೆಯಾದ ಹೆಂಗಸು. ಸುತ್ತಲಿನ ಹೊಲವೆಲ್ಲ ಕಟ್ಟಡವಾಗಿ, ಈಗ ಉಳಿದಿರುವುದು ಮನೆ ಮತ್ತು ಮನೆಯ ಹಿಂದೆ ಒಂದು ಹಲಸಿನ ಮರ. “ನಮ್ಮ ಇತ್ತಲ ಮರದ್ದು ಸಾ, ಮಗೂಗೆ ಒಂದೆರಡು ಕೊಡಿ” ಎಂದಿದ್ದಳು. ಕೊಡಬಾರದು ಎಂದೇನೂ ಇರಲಿಲ್ಲ. ಪಂಪ್ ಇರುವ ಮಗು ಏನು ಬೇಕಾದರೂ ತಿನ್ನಬಹುದು, ತಿಂದಷ್ಟಕ್ಕೆ ಲೆಕ್ಕ ಹಾಕಿ ಗುಂಡಿ ಒತ್ತಿದರಾಯಿತು ಎಂದು ಡಾಕ್ಟರೇ ಹೇಳಿದ್ದರು. ಮನೆಯ ಕಾನೂನು ಒಂದೇ: ತಿಂದರೆ ಹೇಳಬೇಕು. ಆ ಕಾನೂನು ಮಾರ್ಚ್ ತಿಂಗಳಲ್ಲಿ ಒಂದು ಸಲ ಮುರಿದಿತ್ತು. ಗೆಳತಿಯ ಹುಟ್ಟುಹಬ್ಬದಲ್ಲಿ ಸ್ಫೂರ್ತಿ ಎರಡು ತುಂಡು ಕೇಕ್ ತಿಂದು ಬಂದು, ಬರೀ ಚಿಪ್ಸ್ ಎಂದಿದ್ದಳು. ಮರುದಿನ ಲಿಫ್ಟಿನಲ್ಲಿ ಸಿಕ್ಕ ಆ ಗೆಳತಿಯ ತಾಯಿ ನಗುನಗುತ್ತ, “ನಿಮ್ ಮಗಳಿಗೆ ನಮ್ ಕೇಕ್ ತುಂಬ ಇಷ್ಟ ಆಯ್ತು” ಎಂದಾಗ ಲಿಫ್ಟಿನಲ್ಲಿದ್ದ ಇನ್ನಿಬ್ಬರ ಎದುರು ವೀರೇಶ ನಗಬೇಕಾಗಿ ಬಂತು. ಮನೆಗೆ ಬಂದು ಅವನು ಹೊಡೆಯಲಿಲ್ಲ, ಬೈಯಲಿಲ್ಲ. “ನನಗೆ ಸುಳ್ಳು ಹೇಳಿದ್ಯಲ್ಲ” ಎಂದಷ್ಟೇ ಹೇಳಿ ಮೂರು ದಿನ ಮಾತು ಬಿಟ್ಟ. ನಾಲ್ಕನೆಯ ದಿನ ಅವಳು ಅವನ ಚಪ್ಪಲಿಯ ಪಕ್ಕದಲ್ಲಿ ಕ್ಷಮೆ ಕೇಳಿದ ಚೀಟಿ ಇಟ್ಟಿದ್ದಳು. ಅದನ್ನು ಓದಿ ಅವನಿಗೆ ಕಣ್ಣು ತುಂಬಿತಾದರೂ, ಶಿಕ್ಷೆ ಫಲ ಕೊಟ್ಟಿತು ಎಂಬ ಒಂದು ಸಣ್ಣ ಖುಷಿಯೂ ಆಗಿತ್ತು. ಆ ಖುಷಿ ಅವನಿಗೆ ಈಗಲೂ ಚೆನ್ನಾಗಿ ನೆನಪಿದೆ.

ಡಬ್ಬಿಯ ಮುಚ್ಚಳ ತೆಗೆದು ನೋಡಿದ. ತೊಳೆಗಳು ಕಡಿಮೆಯಾದಂತೆ ಕಂಡವು. ನಿನ್ನೆ ಊಟವಾದ ಮೇಲೆ ನಿಂತಲ್ಲೇ ತಾನೂ ತಿಂದಿದ್ದು ನೆನಪಾಯಿತು, ಮೂರೋ ನಾಲ್ಕೋ. ಅದನ್ನು ಕಳೆದರೂ ಕಡಿಮೆಯೇ ಅನ್ನಿಸಿತು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಅವನು ಕೆಲಸ ಮಾಡುವ ಕಾರ್ಖಾನೆ ಯುಪಿಎಸ್ ತಯಾರಿಸುತ್ತದೆ. ಕೆಟ್ಟು ವಾಪಸಾದ ಪೆಟ್ಟಿಗೆಗಳನ್ನು ಬಿಚ್ಚಿ ನೋಡಿ, ಕಾರಣ ಇಂಥದ್ದು ಎಂದು ಬರೆಯುವುದು ಅವನ ವಿಭಾಗದ ಕೆಲಸ. ಹದಿನೇಳು ವರ್ಷದಲ್ಲಿ ಅವನು ಕಂಡುಕೊಂಡದ್ದೇನೆಂದರೆ ಹತ್ತರಲ್ಲಿ ಏಳು ಪೆಟ್ಟಿಗೆಗಳಿಗೆ ಏನೂ ಆಗಿರುವುದಿಲ್ಲ. ಬಳಸಿದವನು ನೀರು ಚೆಲ್ಲಿರುತ್ತಾನೆ, ಹೊರಬಾರದಷ್ಟು ಭಾರ ಹೊರಿಸಿರುತ್ತಾನೆ, ಕೇಳಿದರೆ ತಾನು ಮುಟ್ಟಿಯೇ ಇಲ್ಲ ಎನ್ನುತ್ತಾನೆ. ಅಂಥವರ ಜೊತೆ ಫೋನಿನಲ್ಲಿ ಮಾತಾಡುವಾಗ ಅವನ ದನಿ ಬಹಳ ಮೃದುವಾಗುತ್ತಿತ್ತು. ಹತ್ತು ಗಂಟೆಗೆ ಮಗಳ ಬೆರಳನ್ನು ಮತ್ತೆ ಚುಚ್ಚಿ, ಮುನ್ನೂರ ಎಪ್ಪತ್ತೇಳು ಎಂದು ಓದಿದಾಗ ಅವನ ಬಾಯಿಂದ ಹೊರಟದ್ದು ಅದೇ ದನಿ.

“ನೋಡು ಪುಟ್ಟಾ, ಬೈಯಲ್ಲ ನಾನು. ಎಷ್ಟು ತೊಳೆ ತಿಂದೆ ಅಂತ ಹೇಳಿದ್ರೆ ಸಾಕು, ಅಷ್ಟಕ್ಕೆ ಇನ್ಸುಲಿನ್ ಕೊಡೋಣ, ಮುಗೀತು.”

“ನಾನ್ ತಿಂದಿಲ್ಲ.”

“ಒಂದೂ?”

“ಒಂದೂ ತಿಂದಿಲ್ಲ ಅಪ್ಪಾಜಿ. ಇಲ್ಲಿ ಒದ್ದೆ ಒದ್ದೆ ಅನ್ನಿಸ್ತಿದೆ.” ಅಂಗಿ ಎತ್ತಿ ಹೊಟ್ಟೆಯ ಮೇಲಿನ ಪಟ್ಟಿಯ ಅಂಚನ್ನು ತೋರಿಸಿದಳು.

ಅವನು ಬೆರಳಿಂದ ಸವರಿ ನೋಡಿದ. ಅಂಚು ಕೊಂಚ ತೇವವಾಗಿತ್ತು. ಅವಳು ಆಗ ತಾನೇ ಸ್ನಾನ ಮುಗಿಸಿ ಬಂದಿದ್ದಳು, ಕೂದಲಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. “ಸ್ನಾನದ ನೀರು” ಎಂದ. ಆದರೂ ಯಾರೂ ತನ್ನನ್ನು ಆಡಿಕೊಳ್ಳಬಾರದೆಂದು ಬೀರುವಿನ ಪಟ್ಟಿಯನ್ನು ಮೊದಲಿಂದ ಹಿಡಿದ. ಬ್ಯಾಟರಿ ಸರಿಯಾಗಿತ್ತು. ಸೀಸೆ ಮುಕ್ಕಾಲು ತುಂಬಿತ್ತು. ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಇಂಚಿಂಚೂ ನೋಡಿದ, ಗುಳ್ಳೆ ಇರಲಿಲ್ಲ. ನಳಿಕೆಯನ್ನು ಹೊಟ್ಟೆಯ ಪಟ್ಟಿಯಿಂದ ಬಿಡಿಸಿ, ಗುಂಡಿ ಒತ್ತಿ ಕಾದ. ತುದಿಯಲ್ಲಿ ಒಂದು ಹನಿ ಮೂಡಿ, ದುಂಡಗಾಗಿ, ಅವನ ಹೆಬ್ಬೆರಳ ಮೇಲೆ ಬಿತ್ತು. ಆಸ್ಪತ್ರೆಯ ವಾಸನೆಯ ಆ ಹನಿಯನ್ನು ಮಗಳ ಮುಖದ ಹತ್ತಿರ ಹಿಡಿದು, “ನೋಡು, ಇನ್ಸುಲಿನ್ ಬರ್ತಿದೆ. ಪಂಪ್ ಸರಿಯಾಗೇ ಇದೆ” ಎಂದ. ಅವಳು ನೋಡಿದಳು. ನಿಜಕ್ಕೂ ಬರುತ್ತಿತ್ತು. ಬೀರುವಿನ ಪಟ್ಟಿಯಲ್ಲಿ ಉಳಿದ ಸಾಲುಗಳು ಎರಡೇ. ಔಷಧ ಕೊಟ್ಟ ಮೇಲೂ ಸಕ್ಕರೆ ಇಳಿಯದಿದ್ದರೆ ಪಂಪನ್ನು ನಂಬಬಾರದು, ಸೆಟ್ಟನ್ನು ಕಿತ್ತು ಬೇರೆ ಹಾಕಬೇಕು, ಸಿರಿಂಜಿನಲ್ಲಿ ಇನ್ಸುಲಿನ್ ಕೊಡಬೇಕು ಎಂಬುದು ಒಂದು. ಮೂತ್ರದಲ್ಲಿ ಕೀಟೋನ್ ಎಂಬ ಆಮ್ಲ ಇದೆಯೇ ಎಂದು ಪರೀಕ್ಷೆ ಮಾಡಬೇಕು ಎಂಬುದು ಇನ್ನೊಂದು. ಅವನು ಎರಡನ್ನೂ ಓದಿದ. ತನ್ನದೇ ಅಕ್ಷರ. ಆದರೆ ಆ ಸೆಟ್ ಹಾಕಿ ಒಂದು ದಿನವೂ ಆಗಿರಲಿಲ್ಲ, ಹಾಕಿದವನು ತಾನು, ಇನ್ನೂರಕ್ಕೂ ಹೆಚ್ಚು ಸಲ ಹಾಕಿದವನು, ಒಮ್ಮೆಯೂ ತಪ್ಪದವನು. ಕಿತ್ತರೆ ಮಗಳು ಹೇಳಿದ್ದೇ ಸರಿ ಎಂದು ತಾನು ಒಪ್ಪಿದಂತೆ. ಒಪ್ಪಿದರೆ ಮಾರ್ಚ್ ತಿಂಗಳಿಂದ ಕಟ್ಟಿಕೊಂಡು ಬಂದ ಶಿಸ್ತೆಲ್ಲ ಮತ್ತೆ ಕುಸಿದಂತೆ. ಇಷ್ಟೆಲ್ಲ ಅವನು ಆಗ ಯೋಚಿಸಿದನೇ, ಅಥವಾ ಆಮೇಲೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ತನ್ನ ಪರವಾಗಿ ಕಾರಣಗಳನ್ನು ಕಟ್ಟಿಕೊಂಡನೇ ಎಂಬುದು ಅವನಿಗೆ ಖಚಿತವಿಲ್ಲ. ಆಗ ಮಾಡಿದ್ದಂತೂ ಇಷ್ಟು: ನಳಿಕೆಯನ್ನು ಮತ್ತೆ ಸಿಕ್ಕಿಸಿ, ಪಂಪಿನಿಂದ ಇನ್ನೊಂದು ಪ್ರಮಾಣ ಕೊಡಿಸಿದ.

ಅವಳು ನೀರು ಕುಡಿಯುತ್ತಲೇ ಇದ್ದಳು. ಹಾಲಿನಲ್ಲಿ ಪೇಪರ್ ಹಿಡಿದು ಕೂತಿದ್ದ ಅವನಿಗೆ ಫ್ರಿಜ್ಜಿನ ಬಾಗಿಲು ತೆರೆಯುವುದು, ಬಾಟಲಿ, ಬಾತ್‌ರೂಮಿನ ಚಿಲಕ, ಮತ್ತೆ ಫ್ರಿಜ್ಜಿನ ಬಾಗಿಲು ಕೇಳಿಸುತ್ತಿತ್ತು. ಪ್ರತಿಸಲ ಆ ಸದ್ದಾದಾಗಲೂ ಅವನಿಗೆ ಅದು ತನ್ನ ವಿರುದ್ಧ ಯಾರೋ ಮಾಡುತ್ತಿರುವ ಗದ್ದಲದಂತೆ ಕೇಳಿಸಿತು. ಕಿಟಕಿಯಾಚೆ ಹೊಸೂರು ರಸ್ತೆಯ ಮೇಲ್ಸೇತುವೆಯಲ್ಲಿ ಭಾನುವಾರದ ಕಾರುಗಳು ಹೋಗುತ್ತಿದ್ದವು. ಗೌರಿ ಎರಡು ಸಲ ಫೋನ್ ಮಾಡಿದಳು. ಮೊದಲ ಸಲ, “ಸ್ವಲ್ಪ ಜಾಸ್ತಿ ಇದೆ, ಇಳಿಯುತ್ತೆ” ಎಂದ. ಎರಡನೆಯ ಸಲ ಅವಳ ಹಿಂದೆ ಮಂತ್ರ, ಹೆಂಗಸರ ನಗು, ಪಾತ್ರೆಗಳ ಸದ್ದು ಕೇಳುತ್ತಿತ್ತು. “ಆರಾಮಿದಾಳೆ, ನೀನು ಅಲ್ಲಿ ನೋಡ್ಕೋ” ಎಂದ. ಹನ್ನೆರಡೂವರೆಗೆ ಸ್ಫೂರ್ತಿ ಬಾತ್‌ರೂಮಿನಲ್ಲಿ ವಾಂತಿ ಮಾಡಿಕೊಂಡಳು. ಅವನು ಓಡಿಹೋಗಿ ತಲೆ ಹಿಡಿದುಕೊಂಡ. ಬಾಯಿ ತೊಳೆಸಿ, ಮುಖ ಒರೆಸಲು ಅವಳನ್ನು ತನ್ನ ಕಡೆಗೆ ತಿರುಗಿಸಿಕೊಂಡಾಗ ಅವಳ ಉಸಿರು ಅವನ ಮುಖಕ್ಕೆ ಬಡಿಯಿತು. ಸಿಹಿಯಾದ, ಮಾಗಿ ಕಳಿತ ಹಣ್ಣಿನ ವಾಸನೆ. ಅನುಮಾನಕ್ಕೆ ಎಡೆಯೇ ಇರದಷ್ಟು ಸ್ಪಷ್ಟ. ವೀರೇಶನಿಗೆ ಮೈಯೆಲ್ಲ ಬಿಸಿಯಾಯಿತು; ಕೊನೆಗೂ ಸಿಕ್ಕಿತು ಎಂಬ ಒಂದು ಬಗೆಯ ಬಿಡುಗಡೆಯೂ ಆಯಿತು.

“ಇನ್ನೂ ತಿಂದಿಲ್ಲ ಅಂತೀಯಾ? ಬಾಯಿಂದ ಹಣ್ಣಿನ ವಾಸನೆ ಬರ್ತಿದೆ.”

ಅವಳು ಗೋಡೆಗೆ ಒರಗಿ ಅವನನ್ನು ನೋಡಿದಳು. ತುಟಿ ಒಣಗಿ ಬಿಳಿಚಿಕೊಂಡಿತ್ತು. “ತಿಂದಿಲ್ಲ.”

ಅವನು ಅಂಗಿಯೊಳಗಿಂದ ತನ್ನ ಕೊರಳಿನ ಕರಡಿಗೆಯನ್ನು ಹೊರಗೆಳೆದ. ಅಪ್ಪ ಕಟ್ಟಿದ್ದ ಇಷ್ಟಲಿಂಗ ಅದರೊಳಗಿತ್ತು. ನಲವತ್ತನಾಲ್ಕು ವರ್ಷದಲ್ಲಿ ಅವನು ಅದನ್ನು ಯಾರ ಮೇಲೂ ಹೀಗೆ ಬಳಸಿದವನಲ್ಲ. “ಲಿಂಗ ಮುಟ್ಟಿ ಹೇಳು.” ಅವಳು ಕೈ ಚಾಚಿದಳು. ಬೆರಳಿನ ತುದಿಯ ತುಂಬ ನಾಲ್ಕು ವರ್ಷ ಚುಚ್ಚಿದ ಕಪ್ಪು ಚುಕ್ಕೆಗಳಿದ್ದವು. ಕರಡಿಗೆಯ ಮೇಲೆ ಕೈಯಿಟ್ಟು, “ತಿಂದಿಲ್ಲ ಅಪ್ಪಾಜಿ, ಆಣೆ” ಎಂದಳು. ಮತ್ತೆ ಆ ಉಸಿರು, ಆ ವಾಸನೆ. ಅವನು ಕರಡಿಗೆಯನ್ನು ಅವಳ ಕೈಯಡಿಯಿಂದ ಸರಕ್ಕನೆ ಎಳೆದುಕೊಂಡ. “ಲಿಂಗ ಮುಟ್ಟಿಯೂ ಸುಳ್ಳು ಹೇಳ್ತೀಯಲ್ಲ!” ಎಂದು ಅವನು ಕೂಗಿದ್ದು ಕೆಳಗಿನ ಮನೆಯವರೆಗೂ ಕೇಳಿಸಿರಬೇಕು. ಅವಳು ಅಳಲಿಲ್ಲ. ಅವನನ್ನು ದಾಟಿಕೊಂಡು, ಗೋಡೆ ಹಿಡಿದುಕೊಂಡು ನಡೆದುಹೋಗಿ ಹಾಸಿಗೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅಳದೇ ಇದ್ದದ್ದನ್ನು ಅವನು ಹಟವೆಂದು ತಿಳಿದ.

ಚಿಕ್ಕಮುನಿಯಮ್ಮ ಪಾತ್ರೆ ತೊಳೆಯಲು ಬಂದಾಗ ಒಂದೂಕಾಲು. ಅವಳು ಚಪ್ಪಲಿ ಬಿಡುವಷ್ಟರಲ್ಲೇ ವೀರೇಶ ಡಬ್ಬಿಯನ್ನು ತಂದು ಅವಳ ಮುಂದೆ ಹಿಡಿದ.

“ಇದನ್ನ ತಗೊಂಡ್ಹೋಗಿ. ನನಗೆ ಗೊತ್ತಿಲ್ದೇ ಮಗೂಗೆ ಕೊಟ್ಟಿದ್ದೀರ ನೀವು.”

“ನಾನಾ?” ಅವಳು ಡಬ್ಬಿಯನ್ನು ಮುಟ್ಟಲಿಲ್ಲ. “ನಾನ್ ಯಾಕ್ ಸಾ ಕೊಡ್ಲಿ? ನಿಮ್ ಕೈಗೇ ತಾನೇ ಕೊಟ್ಟೋಗಿದ್ದು?”

“ಈ ಮನೇಲಿ ಏನ್ ನಡೀತಿದೆ ಅಂತ ನನಗೆ ಗೊತ್ತಾಗಲ್ಲ ಅನ್ಕೊಂಡಿದ್ದೀರಾ? ಮಗು ಬಾಯೆಲ್ಲ ಹಲಸಿನ ವಾಸನೆ ಹೊಡೀತಿದೆ. ನೀವೂ ಅವಳೂ ಸೇರ್ಕೊಂಡು...” ಆ ಹೆಂಗಸು ಆರು ವರ್ಷದಿಂದ ಮನೆಯ ಬೀಗದಕೈ ಇಟ್ಟುಕೊಂಡಿದ್ದವಳು. ಅವಳ ಮುಖದಲ್ಲಿ ಏನೋ ಮುಚ್ಚಿಕೊಂಡಿತು. ಕೈಯಿಂದ ಅವನನ್ನು ಪಕ್ಕಕ್ಕೆ ಸರಿಸಿ, ಸ್ಫೂರ್ತಿಯ ಕೋಣೆಗೆ ಹೋದಳು. ಅಷ್ಟು ವರ್ಷಗಳಲ್ಲಿ ಅವಳು ಅವನನ್ನು ಮುಟ್ಟಿದ್ದು ಅದೊಂದೇ ಸಲ.

ಅವನು ಹಾಲಿನಲ್ಲೇ ನಿಂತಿದ್ದ, ಡಬ್ಬಿ ಹಿಡಿದುಕೊಂಡು. ಒಳಗಿಂದ ಅವಳ ದನಿ ಕೇಳಿಸಿತು, “ಪಾಪಾ, ಏ ಪಾಪಾ, ಕಣ್ ಬಿಡವ್ವ.” ಆಮೇಲೆ ಆ ದನಿ ಜೋರಾಯಿತು. “ಸಾ, ಬನ್ನಿ ಇಲ್ಲಿ! ಮಗು ಉಸ್ರು ಎಂಗ್ ಎಳ್ಕೊಳ್ತಾದೆ ನೋಡಿ! ಇದು ಅಣ್ ತಿಂದಿರೋ ಉಸ್ರಲ್ಲ ಸಾ!” ಅವನು ಹೋಗಿ ನೋಡಿದ. ಬೆಟ್ಟ ಹತ್ತಿ ಬಂದವರಂತೆ ಸ್ಫೂರ್ತಿ ಆಳವಾಗಿ, ಬೇಗ ಬೇಗ ಉಸಿರೆಳೆಯುತ್ತಿದ್ದಳು. ಪಕ್ಕೆಲುಬುಗಳು ಎದ್ದೆದ್ದು ಬೀಳುತ್ತಿದ್ದವು. ಕಣ್ಣು ಅರ್ಧ ತೆರೆದಿದ್ದರೂ ಯಾರನ್ನೂ ನೋಡುತ್ತಿರಲಿಲ್ಲ. ಆ ಉಸಿರಾಟದ ಬಗ್ಗೆ ಪುಸ್ತಕದಲ್ಲಿ ಒಂದು ಪ್ಯಾರಾ ಇತ್ತು, ಎಡಪುಟದ ಕೆಳಭಾಗದಲ್ಲಿ, ಬೂದು ಚೌಕದೊಳಗೆ. ಅದು ಅವನಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಕಂಡರೂ ಗ್ಲುಕೋಮೀಟರ್ ಎಲ್ಲಿಟ್ಟೆ ಎಂದು ಹುಡುಕತೊಡಗಿದ. ಚಿಕ್ಕಮುನಿಯಮ್ಮ ಬಾಲ್ಕನಿಗೆ ಹೋಗಿ ಕೆಳಗೆ ಗೇಟಿನವನಿಗೆ ಕೂಗಿ, ಸೆರಗಿನ ಗಂಟಿನಿಂದ ಫೋನ್ ತೆಗೆದು, “ಅಂಬರೀಸಾ, ಆಟೋ ತಗಂಡ್ ಬಾ, ಈಗ್ಲೇ, ಎಂಗಿದ್ದೀಯೋ ಅಂಗೇ ಬಾ” ಎಂದು ತನ್ನ ಅಣ್ಣನ ಮಗನನ್ನು ಕರೆದು, ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟಳು. ಅವನು ಮೀಟರ್ ಹುಡುಕುತ್ತಿದ್ದವನು ಬರಿಗಾಲಲ್ಲಿ ಅವಳ ಹಿಂದೆ ಓಡಿದ. ಲಿಫ್ಟಿನ ಕನ್ನಡಿಯಲ್ಲಿ ಮೂವರೂ ಕಂಡರು. ಮಗಳ ತಲೆ ಆ ಹೆಂಗಸಿನ ಭುಜದ ಮೇಲಿತ್ತು. ಅವನ ಕೊರಳಿನ ಕರಡಿಗೆ ಅಂಗಿಯ ಹೊರಗೆ ತೂಗಾಡುತ್ತಿತ್ತು, ಅವನು ಅದನ್ನು ಒಳಗೆ ತುರುಕಿಕೊಂಡ.

ಹೊಸೂರು ರಸ್ತೆಯ ಆಸ್ಪತ್ರೆಯಲ್ಲಿ ಎಲ್ಲವೂ ಬೇಗ ಬೇಗ ನಡೆಯಿತು. ಎರಡು ಕೈಗೂ ಸೂಜಿ ಹಾಕಿದರು, ಅವನನ್ನು ಪರದೆಯಾಚೆ ಕಳಿಸಿದರು. ಸ್ವಲ್ಪ ಹೊತ್ತಿನ ಮೇಲೆ ಒಬ್ಬ ನರ್ಸ್ ಹೊರಬಂದು, “ಪಂಪ್ ನೀವೇ ಇಟ್ಕೊಳ್ಳಿ ಸಾರ್” ಎಂದು ಒಂದು ಟ್ರೇ ಕೊಟ್ಟಳು. ಪಂಪ್, ಸುರುಳಿ ಸುತ್ತಿದ ನಳಿಕೆ, ಹೊಟ್ಟೆಯಿಂದ ಕಿತ್ತ ಪಟ್ಟಿ. ಪಟ್ಟಿಯನ್ನು ಅಂಗಾತ ಮಾಡಿ ನೋಡಿದ. ನೆಟ್ಟಗೆ ಇಳಿದಿರಬೇಕಾದ ಕೊಳವೆ ಬುಡದಲ್ಲೇ ಮಡಿಸಿಕೊಂಡು ಅಡ್ಡ ಮಲಗಿತ್ತು. ಅಂಟಿನ ಹತ್ತಿಯೆಲ್ಲ ನೆನೆದು ಇನ್ಸುಲಿನ್ ವಾಸನೆ ಹೊಡೆಯುತ್ತಿತ್ತು. ನಿನ್ನೆ ಸಂಜೆಯಿಂದ ಅವನು ಕೊಡಿಸಿದ್ದೆಲ್ಲ, ಒಂದೊಂದು ಹನಿಯೂ ಅವಳ ಚರ್ಮದ ಮೇಲೆ ಹರಿದುಹೋಗಿತ್ತು. ಪಂಪ್ ಪಾಪ ತಳ್ಳಿದ್ದಂತೂ ನಿಜ. ಅದು ಒಳಗೆ ಹೋಯಿತೋ ಹೊರಗೆ ಹೋಯಿತೋ ಅದಕ್ಕೇನು ಗೊತ್ತು.

ಡ್ಯೂಟಿ ಡಾಕ್ಟರ್ ಸಣ್ಣ ವಯಸ್ಸಿನ ಹುಡುಗಿ. ಕೈಯಲ್ಲಿ ಕೇಸ್‌ಶೀಟ್ ಹಿಡಿದು ಬರೆಯುತ್ತಲೇ ಕೇಳಿದಳು. “ಯಾವಾಗಿಂದ ಹೈ ಇತ್ತು? ಸೆಟ್ ಯಾಕೆ ಚೇಂಜ್ ಮಾಡ್ಲಿಲ್ಲ? ಕೀಟೋನ್ ನೋಡಿದ್ರಾ?” ಅವನು ಒಂದೊಂದಕ್ಕೂ ಏನೋ ಹೇಳಿದ. “ಬಾಡಿ ತುಂಬ ಆಸಿಡ್ ತುಂಬ್ಕೊಂಡಿದೆ ಸಾರ್. ಬಾಯಿಂದ ವಾಸನೆ ಬಂದಿರುತ್ತಲ್ಲ, ಕೊಳೆತ ಹಣ್ಣಿನ ಥರ, ಸ್ವೀಟಾಗಿ. ಇನ್ಸುಲಿನ್ ಸಿಗದೇ ಇದ್ರೆ ಬರೋ ವಾಸನೆ ಅದು. ಅದೂ ಗಮನಿಸ್ಲಿಲ್ವಾ?”

ಪಕ್ಕದಲ್ಲಿ ಚಿಕ್ಕಮುನಿಯಮ್ಮ ನಿಂತಿದ್ದಳು. ಅವಳಿಗೆ ಕೇಳಿಸುತ್ತಿದೆ ಎಂದು ಅವನಿಗೆ ಗೊತ್ತಿತ್ತು.

“ಇಲ್ಲ” ಎಂದ ವೀರೇಶ. “ವಾಸನೆ ಏನೂ ಬರ್ಲಿಲ್ಲ.”

ಡಾಕ್ಟರ್ ಅದನ್ನು ಬರೆದುಕೊಂಡಳು. ಚಿಕ್ಕಮುನಿಯಮ್ಮ ಅವನ ಕಡೆ ಒಮ್ಮೆಯೂ ನೋಡದೆ, “ಬತ್ತೀನಿ” ಎಂದು ಯಾರಿಗೆಂದಿಲ್ಲದೆ ಹೇಳಿ ಹೊರಟುಹೋದಳು.

ಗೌರಿ ಸಂಜೆ ಆರಕ್ಕೆ ರೇಷ್ಮೆ ಸೀರೆಯಲ್ಲೇ ಬಂದಿಳಿದಳು. “ಕೊಳವೆ ಒಳಗೆ ಮಡಚಿಕೊಂಡಿತ್ತು, ಯಾರಿಗೂ ಗೊತ್ತಾಗಲ್ಲ” ಎಂದು ಅವನು ಹೇಳಿದ್ದನ್ನು ಅವಳು ನಂಬಿದಳು. ಅಷ್ಟೇ ಅಲ್ಲ, ಆ ರಾತ್ರಿಯೆಲ್ಲ ಫೋನ್ ಮಾಡಿದವರಿಗೆ ಅದನ್ನೇ ಹೇಳಿದಳು. ಮರುದಿನ ಮಧ್ಯಾಹ್ನ ಮಗಳಿಗೆ ಪೂರ್ತಿ ಎಚ್ಚರವಾದಾಗ ಗೌರಿ ಹಣೆ ಸವರುತ್ತ, “ಏನಾಯ್ತು ಕಂದಾ, ಅಪ್ಪಾಜಿಗೆ ಮೊದಲೇ ಹೇಳಬಾರದಿತ್ತಾ?” ಎಂದಳು. ವೀರೇಶ ಮಂಚದ ಕಾಲಿನ ಕಡೆ ನಿಂತಿದ್ದ. ಅವಳು ಹೇಳಿಬಿಡಲಿ ಎಂದು ಒಂದು ಕ್ಷಣ ಅವನು ನಿಜವಾಗಿಯೂ ಬಯಸಿದ. ಹೇಳಿದರೆ ಗೌರಿ ಕಿರುಚುತ್ತಾಳೆ, ತಾನು ತಲೆ ತಗ್ಗಿಸುತ್ತೇನೆ, ವಾರಗಟ್ಟಲೆ ಮನೆಯಲ್ಲಿ ಮಾತಿರುವುದಿಲ್ಲ, ಆಮೇಲೆ ಒಂದು ದಿನ ಏನೋ ಒಂದು ಮುಗಿಯುತ್ತದೆ. ಸ್ಫೂರ್ತಿ ಅವನನ್ನು ನೋಡಿದಳು. ಅವನ ಹುಬ್ಬನ್ನು ನೋಡಿದಳು, ಗ್ಲುಕೋಮೀಟರ್ ಕೈಯಲ್ಲಿರುವಾಗ ನೋಡುತ್ತಿದ್ದಂತೆಯೇ. ಆಮೇಲೆ ಬಿರಿದ ತುಟಿಯಿಂದ, “ಹೇಳಿದ ತಕ್ಷಣ ಕರ್ಕೊಂಡು ಬಂದ್ರಮ್ಮ” ಎಂದಳು.

ಚಿಕ್ಕಮುನಿಯಮ್ಮ ಮತ್ತೆ ಕೆಲಸಕ್ಕೆ ಬರಲಿಲ್ಲ. ಗೌರಿ ಎರಡು ಸಲ ಹೇಳಿಕಳಿಸಿದಳು, ಯಾಕೆಂದು ಅವಳಿಗೆ ಅರ್ಥವಾಗಲಿಲ್ಲ. ಹನ್ನೆರಡನೆಯ ದಿನ ಆಫೀಸಿನಿಂದ ಬರುವಾಗ ವೀರೇಶ ಅವಳ ಮನೆ ಹುಡುಕಿಕೊಂಡು ಹೋದ. ನಾಲ್ಕು ಮಹಡಿಯ ಬಾಡಿಗೆ ಕಟ್ಟಡಗಳ ನಡುವೆ ಹೆಂಚಿನ ಮನೆ, ಹಿಂದೆ ಮರ. ಅವಳು ಜಗಲಿಯಲ್ಲಿ ಕೂತು ಒಣ ಅವರೆಕಾಳು ಆರಿಸುತ್ತಿದ್ದವಳು ಎದ್ದು, ಸೆರಗು ಸರಿಮಾಡಿಕೊಂಡು, ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದಳು. ಕಾಫಿ ಕೊಟ್ಟಳು. “ಪಾಪ ಎಂಗವ್ಳೆ?” ಎಂದಳು. “ಸ್ಕೂಲಿಗೆ ಹೋಗ್ತಿದಾಳೆ” ಎಂದ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಬೇರೆಯೇ ಇತ್ತು. ಕ್ಷಮೆ ಕೇಳುವ ನಾಲ್ಕೇ ಪದ. ಕಾರ್ಖಾನೆಯಲ್ಲಿ ದಿನಕ್ಕೆ ಹತ್ತು ಸಲ, ಯಾರ್‍ಯಾರಿಗೋ, ಇಂಗ್ಲಿಷಿನಲ್ಲಿ ಹೇಳುವ ಪದ. “ಗೌರಿ ನಿಮ್ಮನ್ನ ಕೇಳ್ತಿದ್ಲು” ಎಂದ.

“ಸೊಸೆ ಬ್ಯಾಡ ಅಂತವ್ಳೆ ಸಾ. ವಯಸ್ಸೂ ಆಯ್ತಲ್ಲ” ಎಂದಳು ಚಿಕ್ಕಮುನಿಯಮ್ಮ. ಲೋಟ ವಾಪಸು ತೆಗೆದುಕೊಳ್ಳುವಾಗ, ಅವನ ಮುಖ ನೋಡದೆ, “ನಾನ್ ಯಾರ್ಗೂ ಏನೂ ಏಳಿಲ್ಲ, ನೀವು ಎದ್ರುಕೋಬ್ಯಾಡಿ” ಎಂದಳು. ಅವನು ಅದಕ್ಕೇ ಬಂದದ್ದೆಂದು ಅವಳು ತಿಳಿದಿದ್ದಳು. ಹಾಗಲ್ಲ ಎನ್ನಲು ಬಾಯಿ ತೆರೆದ ಅವನಿಗೆ, ಅಲ್ಲವೆಂದು ಖಂಡಿತವಾಗಿ ಹೇಳಲು ತನಗೂ ಆಗುವುದಿಲ್ಲ ಎನ್ನಿಸಿ, “ಬರ್ತೀನಿ” ಎಂದು ಎದ್ದ.

ಮನೆಯಲ್ಲಿ ಎಲ್ಲವೂ ಮೊದಲಿಗಿಂತ ಸಲೀಸಾಗಿ ನಡೆಯುತ್ತಿತ್ತು. ಸೆಟ್ಟನ್ನು ಈಗ ಸ್ಫೂರ್ತಿ ತಾನೇ ಬದಲಾಯಿಸಿಕೊಳ್ಳುತ್ತಾಳೆ, ಬಾತ್‌ರೂಮಿನ ಚಿಲಕ ಹಾಕಿಕೊಂಡು. ಡಾಕ್ಟರೂ ಅದನ್ನೇ ಹೇಳಿದ್ದರು, ದೊಡ್ಡವಳಾದಳು, ಕಲಿಯಲಿ ಎಂದು. ಅಪ್ಪನ ಜೊತೆ ಅವಳು ಜಗಳವಾಡಲಿಲ್ಲ, ಮುನಿಸಿಕೊಳ್ಳಲಿಲ್ಲ, ಸ್ಕೂಲಿನ ಸುದ್ದಿ ಕೇಳಿದರೆ ಹೇಳುತ್ತಿದ್ದಳು. ಜುಲೈ ತಿಂಗಳ ಒಂದು ಬೆಳಿಗ್ಗೆ ಅವನು ಅವಳನ್ನು ಎಬ್ಬಿಸಲು ಹೋದಾಗ ಅವಳಾಗಲೇ ಎದ್ದು ಬೆರಳು ಚುಚ್ಚಿಕೊಂಡಿದ್ದಳು. ಇನ್ನೂರ ಅರವತ್ತನಾಲ್ಕು. ಅವನು ಬಾಗಿಲಲ್ಲಿ ನಿಂತು ಅಂಕಿಯನ್ನು ನೋಡಿದ, ಅಷ್ಟೇ. ಏನನ್ನೂ ಕೇಳಬಾರದೆಂದು ಆಸ್ಪತ್ರೆಯಿಂದ ಬಂದ ದಿನವೇ ತೀರ್ಮಾನಿಸಿದ್ದ. ಕೇಳಲಿಲ್ಲ.

“ಬಿಸ್ಕೆಟ್ ತಿಂದೆ ಅಪ್ಪಾಜಿ. ಸಾರಿ” ಎಂದಳು ಸ್ಫೂರ್ತಿ.

“ಯಾವಾಗ?”

“ಆಗ್ಲೇ, ಬೆಳಿಗ್ಗೆ. ಎರಡು.”

ಮನೆಯಲ್ಲಿ ಬಿಸ್ಕೆಟ್ ಇರಲಿಲ್ಲ. ಕೊನೆಯ ಪೊಟ್ಟಣವನ್ನು ನಿನ್ನೆ ಸಂಜೆ ಟೀ ಜೊತೆ ಖಾಲಿ ಮಾಡಿದವನು ಅವನೇ, ಹೊಸದು ತರಬೇಕೆಂದು ಗೌರಿ ಚೀಟಿಯಲ್ಲಿ ಬರೆದಿಟ್ಟಿದ್ದೂ ಅವನಿಗೆ ಗೊತ್ತಿತ್ತು. ಅವನು ಐದು ಗಂಟೆಯಿಂದ ಹಾಲಿನಲ್ಲಿ ಎಚ್ಚರವಾಗೇ ಕೂತಿದ್ದ, ಅವಳ ಕೋಣೆಯ ಬಾಗಿಲು ತೆರೆದಿರಲಿಲ್ಲ. ನೀನು ತಿಂದಿಲ್ಲ ಎಂದು ಹೇಳಬೇಕೆನ್ನಿಸಿತು. ಹೇಳಿದರೆ, ನೀನು ಸುಳ್ಳು ಹೇಳುತ್ತಿದ್ದೀಯ ಎಂದಂತೆ. ಆ ಮಾತನ್ನು ಈ ಜನ್ಮದಲ್ಲಿ ಇನ್ನೊಮ್ಮೆ ಅವಳಿಗೆ ಹೇಳುವ ಹಕ್ಕು ಅವನಿಗಿರಲಿಲ್ಲ. ಆದರೆ ಎರಡು ಬಿಸ್ಕೆಟಿನ ಲೆಕ್ಕ ಹಾಕಿ ಇನ್ಸುಲಿನ್ ತೆಗೆದುಕೊಂಡುಬಿಟ್ಟರೆ? ತಿನ್ನದ್ದಕ್ಕೆ ಔಷಧ ಬಿದ್ದರೆ ಸಕ್ಕರೆ ಕುಸಿದು ಸ್ಕೂಲಿನಲ್ಲಿ ಬಿದ್ದುಬಿಡಬಹುದು. ಅವಳು ಪಂಪ್ ಕೈಗೆತ್ತಿಕೊಂಡು, ಅವನಿಗೆ ಬೆನ್ನು ಮಾಡಿ, ಗುಂಡಿಗಳನ್ನು ಒತ್ತಿದಳು. ಬೀಪ್ ಎಂದಿತು. ಕಪಾಟಿನಿಂದ ಹೊಸ ಸೆಟ್ ತೆಗೆದುಕೊಂಡು ಬಾತ್‌ರೂಮಿಗೆ ಹೋದಳು, ಚಿಲಕ ಬಿತ್ತು. ಸ್ವಲ್ಪ ಹೊತ್ತಿಗೆ ಬಾಗಿಲು ಒಂದಿಷ್ಟು ತೆರೆದು, ಒಂದು ಕೈ ಹೊರಬಂದು, ಬಿಡಿಸಿದ ಪಂಪನ್ನು ಹೊರಗಿನ ಸ್ಟೂಲಿನ ಮೇಲಿಟ್ಟು ಒಳಹೋಯಿತು. ಸ್ನಾನದ ನೀರು ಬೀಳುವ ಸದ್ದು.

ವೀರೇಶ ಆ ಸದ್ದು ನಿಲ್ಲದೆ ಇರುವುದನ್ನು ಖಾತ್ರಿ ಮಾಡಿಕೊಂಡು ಸ್ಟೂಲಿನ ಹತ್ತಿರ ಹೋದ. ಪಂ‍ಪ್ ತೆಗೆದುಕೊಂಡು ಹಿಂದಿನ ದಾಖಲೆಯ ಪುಟ ತೆರೆದ. ಆರು ಇಪ್ಪತ್ತೊಂದು. ಸಕ್ಕರೆ: ಇನ್ನೂರ ಅರವತ್ತನಾಲ್ಕು. ತಿಂದ ಆಹಾರ: ಸೊನ್ನೆ. ಸಕ್ಕರೆ ಇಳಿಸುವುದಕ್ಕೆ ಎಷ್ಟು ಬೇಕೋ ಸರಿಯಾಗಿ ಅಷ್ಟೇ ಇನ್ಸುಲಿನ್, ಒಂದು ಬಿಂದು ಹೆಚ್ಚಿಲ್ಲ. ಅವಳು ಹಿಂದಿನ ದಿನಗಳಲ್ಲಿ ತಿಂದೆನೆಂದು ಅವನೆದುರು ಒಪ್ಪಿಕೊಂಡಿದ್ದ ಬಾಳೆಹಣ್ಣು, ಗೆಳತಿ ಕೊಟ್ಟ ಚಾಕೊಲೇಟ್, ಒಂದು ಲೋಟ ಜ್ಯೂಸ್ ಎಲ್ಲ ನೆನಪಾಗಿ, ಆ ದಿನಗಳ ಪುಟಗಳನ್ನೂ ಒಂದೊಂದಾಗಿ ತೆರೆದ. ಸೊನ್ನೆ. ಸೊನ್ನೆ. ಸೊನ್ನೆ. ಅವಳು ಯಾವುದನ್ನೂ ತಿಂದಿರಲಿಲ್ಲ. ನೀರಿನ ಸದ್ದು ನಿಂತಿತು. ಪರದೆಯನ್ನು ಮೊದಲಿನ ಪುಟಕ್ಕೆ ತಂದು, ಪಂಪನ್ನು ಮೊದಲಿದ್ದ ಹಾಗೆಯೇ ಓರೆಯಾಗಿ ಸ್ಟೂಲಿನ ಮೇಲಿಟ್ಟು, ಅಡುಗೆಮನೆಗೆ ಹೋಗಿ ಹಾಲು ಕಾಯಿಸಲು ನಿಂತ. ಹಿಂದೆ ಬಾಗಿಲು ತೆರೆಯಿತು.

“ಅಪ್ಪಾಜಿ, ಪಂಪ್ ಮುಟ್ಟಿದ್ರಾ?”

“ಇಲ್ಲ ಪುಟ್ಟಾ.”

“ಸರಿ” ಎಂದಳು ಸ್ಫೂರ್ತಿ. ಯಾರನ್ನೂ ನೋಯಿಸದ ದನಿ. ಅವನು ತಿರುಗಿ ನೋಡಲಿಲ್ಲ. ಅವಳು ಪಂಪನ್ನು ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿಕೊಂಡದ್ದು ಕೇಳಿಸಿತು.